ಧರೆಪ್ಪಣ್ಣನ ನೀರಿನ ತೋಟ

ಧರೆಪ್ಪಣ್ಣನ ಟೊಪ್ಪಿಗೆ ಒಣಗಿದ್ದನ್ನು ಶೇಡಬಾಳದಲ್ಲಿ ಕಂಡವರು ಕಡಿಮೆ. ಉಳಿದವರ ಬಿಳಿಯ ಗಾಂಧಿ ಟೊಪ್ಪಿಗೆಗಳು ಅವರವರ ತಲೆಯ ಮೇಲೆ ಗತ್ತಿನಿಂದ ಕೂತು, ಮದುವೆಯ ಚಪ್ಪರದಲ್ಲೂ ಪಂಚಾಯಿತಿಯ ಕಟ್ಟೆಯಲ್ಲೂ ಮನೆತನದ ಮರ್ಯಾದೆಯನ್ನು ಸಾರುತ್ತಿದ್ದರೆ, ಇವನದು ಬಹುಮಟ್ಟಿಗೆ ಅಂಗೈ ಮೇಲೆ ಅಂಗಾತ ಮಲಗಿ, ಒಡಲಲ್ಲಿ ಒಂದಿಷ್ಟು ಹಾವಸೆಯನ್ನೋ ಬೇರುಸಹಿತ ಕಿತ್ತ ನೀರಹುಲ್ಲನ್ನೋ ಹೊತ್ತು, ಅಂಚಿನಿಂದ ತೊಟ್ಟಿಕ್ಕುತ್ತ ಊರೊಳಗೆ ಬರುತ್ತಿತ್ತು. ಎದುರಿಗೆ ಸಿಕ್ಕವರು "ಏನ್ ತಂದ್ರಿ ಧರೆಪ್ಪಣ್ಣಾ?" ಎಂದು ಬಾಯಿಮಾತಿಗೆ ಕೇಳಿ ಮುಂದೆ ಹೋಗುವಂತಿರಲಿಲ್ಲ. ಕೇಳಿದವರ ತೋಳು ಹಿಡಿದು ನಡುಬೀದಿಯಲ್ಲಿ ನಿಲ್ಲಿಸಿ, "ತಡೀರಿ ತಡೀರಿ, ಇಲ್ಲೆ ನೋಡ್ರಿ, ಈ ಎಲಿ ಹೆಂಗ ಸುರಳಿ ತಿರಗೇತಿ ನೋಡ್ರಿ" ಎಂದು ಟೊಪ್ಪಿಗೆಯನ್ನು ಅವರ ಮೂಗಿನವರೆಗೆ ಎತ್ತುತ್ತಿದ್ದ. ಕಾಗವಾಡಕ್ಕೆ ಹೋಗುವ ಬಸ್ಸು ಆ ಹೊತ್ತಿಗೆ ಅವರ ಬೆನ್ನ ಹಿಂದೆಯೇ ಹೊರಟು ಹೋಗಿರುತ್ತಿತ್ತು.

ಆಳು ಎತ್ತರ. ಆದರೆ ದ್ರಾಕ್ಷಿಯ ಹಂದರದ ಕೆಳಗೆ ವರ್ಷಾನುವರ್ಷ ಬಗ್ಗಿ ಓಡಾಡಿದ್ದರಿಂದಲೋ ಏನೋ, ಕತ್ತು ಮುಂದಕ್ಕೆ ಬಾಗಿ, ಬಟಾಬಯಲಿನಲ್ಲಿ ನಡೆಯುವಾಗಲೂ ಎಲ್ಲಿ ತಲೆಗೆ ಬಳ್ಳಿ ತಾಗೀತೋ ಎಂಬ ಅಂಜಿಕೆಯಲ್ಲಿ ನಡೆದಂತೆ ಕಾಣುತ್ತಿತ್ತು. ಆ ಬಾಗಿದ ಕತ್ತಿಗೂ ನೀರಿಗೂ ಹೇಗೆ ನಂಟು ಬೆಳೆಯಿತೆಂದರೆ, ಕಲ್ಲುದೋಣಿಯಾಗಲಿ, ಕಾಲುವೆಯಾಗಲಿ, ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತ ಮಳೆಯ ನೀರಾಗಲಿ, ಅದರೊಳಗೆ ಇಣುಕದೆ ಅವನು ಮುಂದೆ ಹೆಜ್ಜೆ ಇಟ್ಟವನಲ್ಲ. ಒಮ್ಮೆ ಸೋದರಳಿಯನಿಗೆ ಹೆಣ್ಣು ನೋಡಲು ಹಿರಿಯರೆಲ್ಲ ಸೇರಿ ಅಥಣಿಗೆ ಹೋಗಿದ್ದರು. ಎಲ್ಲರೂ ಒಳಗೆ ಅವಲಕ್ಕಿ ತಿನ್ನುತ್ತಿದ್ದಾಗ ಧರೆಪ್ಪಣ್ಣ ಹಿತ್ತಲಿನಲ್ಲಿ, ದನಗಳಿಗೆ ನೀರು ಕುಡಿಸುವ ದೋಣಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಊರಿಗೆ ಬಂದ ಮೇಲೆ ಹೆಣ್ಣು ಹೇಗಿದ್ದಾಳೆಂದು ತಂಗಿ ಕೇಳಿದರೆ, "ಭಾಳ ಚಲೋ ಮಂದಿ. ಅವರ ದೋಣಿಯೊಳಗಿನ ಹಾವಸಿ ಏನ್ ಹಸರ ಐತಿ ಅಂತಿ!" ಎಂದ. ಸಂಬಂಧ ಕುದುರಿತು, ಅದರಲ್ಲಿ ಹಾವಸೆಯ ಪಾಲೆಷ್ಟು ಎಂಬುದು ಮಾತ್ರ ಯಾರಿಗೂ ತಿಳಿಯದು.

ಈ ಹುಚ್ಚು ತೋಟಕ್ಕೆ ತಿರುಗಿದ್ದು ಒಂದು ಹಲ್ಲುನೋವಿನಿಂದ. ತೊಂಬತ್ತರ ಆಸುಪಾಸು, ಊರಿನಲ್ಲಿ ಮನೆಮನೆಗೆ ಟೀವಿ ಬರುತ್ತಿದ್ದ ಕಾಲ. ದವಡೆ ಊದಿಸಿಕೊಂಡು, ಗಲ್ಲಕ್ಕೆ ವಸ್ತ್ರ ಕಟ್ಟಿಕೊಂಡು, ಪ್ಯಾಸೆಂಜರ್ ಗಾಡಿ ಹಿಡಿದು ಧರೆಪ್ಪಣ್ಣ ಮಿರಜಿಗೆ ಹೋದ. ಹಲ್ಲಿನ ಡಾಕ್ಟರರ ಪಡಸಾಲೆಯ ಮೂಲೆಯಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರ ತುಂಬ ನೀರು, ನೀರಿನಲ್ಲಿ ಕೆಂಪು ಮೀನು, ಮೀನುಗಳ ನಡುವೆ ಪ್ಲಾಸ್ಟಿಕ್ಕಿನ ಗಿಡ. ಅದುವರೆಗೆ ಧರೆಪ್ಪಣ್ಣ ನೀರನ್ನು ಮೇಲಿನಿಂದ ಮಾತ್ರ ಕಂಡವನು. ನೀರಿಗೆ ಒಂದು ಪಕ್ಕವಿರುತ್ತದೆ, ಅಲ್ಲಿಂದಲೂ ಅದನ್ನು ನೋಡಬಹುದು ಎಂಬ ಸಂಗತಿ ಅವನಿಗೆ ನಲವತ್ತು ದಾಟಿದ ಮೇಲೆ ಆ ದಿನ ತಿಳಿಯಿತು. ಬೆರಗಿನಿಂದ ಅವನ ಬಾಯಿ ತೆರೆಯಿತು, ದವಡೆಯ ನೋವು ಎಲ್ಲಿ ಹೋಯಿತೋ. ಒಳಗಿನಿಂದ ಕಂಪೌಂಡರ "ಚೌಗುಲೆ ಕೋಣ?" ಎಂದು ಮರಾಠಿಯಲ್ಲಿ ಕೂಗಿದ. ಚೌಗುಲೆ ಯಾರು ಎಂದಷ್ಟೇ ಅವನು ಕೇಳಿದ್ದು. ಅಲ್ಲಿ ಕೂತಿದ್ದ ಕನ್ನಡದ ಮಂದಿಗೆ ಅದು ಬೇರೆಯೇ ಕೇಳಿಸಿ ನಗೆ ಎದ್ದಿತು. ಧರೆಪ್ಪ ಚೌಗುಲೆ ಎಂಬ ಈ ಕೋಣನಿಗೆ ಮಾತ್ರ ಏನೂ ಕೇಳಿಸಲಿಲ್ಲ. ಸರದಿ ತಪ್ಪಿತು, ಹಲ್ಲು ಕೀಳಿಸುವ ಕೆಲಸ ಸಂಜೆಗೆ ಬಿತ್ತು.

ಆದರೆ ಮರಳಿ ಬರುವಾಗ ಗಾಡಿಯಲ್ಲಿ ಅವನ ಮನಸ್ಸನ್ನು ಕೊರೆದದ್ದು ಮೀನಲ್ಲ, ಆ ಪ್ಲಾಸ್ಟಿಕ್ಕಿನ ಗಿಡ. ಒಕ್ಕಲುತನದ ರಕ್ತ ಅದನ್ನು ಸಹಿಸಲಿಲ್ಲ. "ಇದೇನ ಅನ್ಯಾಯ ಅಂತೀನಿ! ಮೀನ ಖರೇವು, ಗಿಡ ಸುಳ್ಳಿನವು. ಒಂದು ಹುಲ್ಲ ನಾಟಾಕ ಬರದವರು ಇಟ್ಟಾರೇನ ಇದನ್ನ?" ಎಂದು ಬಾಯಿಯಲ್ಲಿ ಅರಳೆ ಕಚ್ಚಿಕೊಂಡೇ ಪಕ್ಕದವರಿಗೆ ಹೇಳಿದನಂತೆ. ಗಾಡಿ ಶೇಡಬಾಳ ಸ್ಟೇಶನ್ನಿಗೆ ಬರುವಷ್ಟರಲ್ಲಿ ನಿರ್ಧಾರ ಆಗಿಹೋಗಿತ್ತು. ನೀರೊಳಗೆ ಒಂದು ನಿಜವಾದ ತೋಟ ಹಚ್ಚಬೇಕು. ಅದು ಪಡಸಾಲೆಯಲ್ಲಿ ಎಲ್ಲರೂ ಕೂತು ನೋಡುವ ಹಾಗಿರಬೇಕು.

ಪಡಸಾಲೆಯೆಂದರೆ ಧರೆಪ್ಪಣ್ಣನ ತಾಯಿ ಅಕ್ಕವ್ವನ ರಾಜ್ಯ. ಅದು ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವ, ಎರಡು ಪದರ ಅರಿವೆಯಲ್ಲಿ ಸೋಸದೆ ಹನಿ ನೀರೂ ಬಾಯಿಗೆ ಹೋಗದ ಜೈನರ ಮನೆ. ನೀರು ಸೋಸಿದ ಮೇಲೆ ಅರಿವೆಗೆ ಹತ್ತಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ಜಾಲಿಸಿ ಬಿಡುವವರೆಗೆ ಅಕ್ಕವ್ವನ ಕೈ ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಯಾವ ನೀರಿನಿಂದ ಬಂದವೋ ಆ ನೀರಿಗೇ ಅವು ಮರಳಬೇಕು, ನಮ್ಮಿಂದ ಅವು ಊರು ಬಿಡಬಾರದು ಎಂಬುದು ಆ ಮನೆಯ ಧರ್ಮ. ಇಂಥವಳ ಮುಂದೆ ಮಗ ಗಾಜಿನ ಪೆಟ್ಟಿಗೆಯ ಮಾತು ತೆಗೆದಾಗ ಅವಳು ಜಪಮಾಲೆಯನ್ನು ಮಡಿಲಲ್ಲಿಟ್ಟು ಪೂರ್ತಿ ಕೇಳಿದಳು.

"ಗಿಡ ಇಡು, ಬ್ಯಾಡ ಅನ್ನೂದಿಲ್ಲ" ಎಂದಳು. "ಆದ್ರ ಒಂದು ಮೀನ ನನ್ನ ಕಣ್ಣಿಗೆ ಬಿತ್ತಂದ್ರ, ಆವತ್ತss ಆ ಪೆಟಗಿ ಈ ಹೊಸ್ತಿಲಾ ದಾಟತೈತಿ. ಜೀವ ಹಿಡದು ತಂದು, ಕೂಡಿ ಹಾಕಿ, ಚಂದ ಐತಿ ಅಂತ ನೋಡೂದು ನಮ್ಮ ಮನಿತನದಾಗ ಇಲ್ಲ."

"ಮೀನ ಯಾರಿಗೆ ಬೇಕವ್ವಾ? ನನಗ ಬೇಕಾದದ್ದು ತ್ವಾಟ" ಎಂದು ಧರೆಪ್ಪಣ್ಣ ಅವಳ ಕಾಲು ಮುಟ್ಟಿ ಮಾತು ಕೊಟ್ಟ. ತಾಯಿಗೆ ಕೊಟ್ಟ ಮಾತನ್ನು ಅವನು ಅದುವರೆಗೆ ಮುರಿದವನಲ್ಲ. ಆ ಮಾತು ಎಷ್ಟು ಭಾರದ್ದೆಂದು ಅವನಿಗೂ ಗೊತ್ತಿತ್ತು. ಟೀವಿ ಬಂದೀತೆಂದು ಕಾದಿದ್ದ ಹೆಂಡತಿ ಸುಂದರಾ ಮಾತ್ರ ಅಡಿಗೆಮನೆಯಿಂದಲೇ, "ಎಲ್ಲಾರ ಮನ್ಯಾಗ ಗಾಜಿನ ಪೆಟಗಿಯೊಳಗ ಮಂದಿ ಕುಣೀತಾರ, ನಮ್ಮನ್ಯಾಗ ಹುಲ್ಲ ಕುಣೀತೈತಿ. ಆಗಲಿ ಬಿಡ್ರಿ" ಎಂದು ಒಗ್ಗರಣೆ ಚಟಪಟಿಸಿದಳು.

ಪೆಟ್ಟಿಗೆ ಕಟ್ಟಿದ್ದು ಕಾಗವಾಡದ ಜಾಫರಸಾಬ. ದೇವರ ಪಟ, ತೀರಿದ ಹಿರಿಯರ ಫೋಟೋ, ಮದುವೆಯ ಜೋಡಿಚಿತ್ರಗಳಿಗೆ ಕಟ್ಟು ಹಾಕುವುದು ಅವನ ಕಸುಬು. ಧರೆಪ್ಪಣ್ಣ ಕೈಸನ್ನೆಯಲ್ಲಿ ಉದ್ದ ಅಗಲ ತೋರಿಸಿ ವಿವರಿಸಿದಾಗ ಅವನು ತಲೆ ಕೆರೆದುಕೊಂಡು, "ಚೌಗುಲೇರ, ನನ್ನ ಜಲ್ಮ ಎಲ್ಲಾ ಫೋಟೋದಾಗ ನೀರು ಹೋಗಬಾರದಂತ ಕಟ್ಟ ಹಾಕೀನ್ರಿ. ನೀವು ನೀರಿಗೇ ಕಟ್ಟ ಹಾಕಂತೀರಲ್ಲ!" ಎಂದ. ಆದರೆ ಇಲ್ಲವೆನ್ನುವುದು ಅವನ ಜಾಯಮಾನದಲ್ಲಿರಲಿಲ್ಲ. ಕಬ್ಬಿಣದ ಪಟ್ಟಿಯ ಚೌಕಟ್ಟು ಬೆಸೆಸಿ, ಕಿಟಕಿಯ ಗಾಜು ಕೂರಿಸುವ ಪುಟ್ಟಿ ಮೆತ್ತಿ, ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಅದರ ಮೇಲೆ ಪೆಟ್ಟಿಗೆಯಿಟ್ಟು, ಮದುವಣಗಿತ್ತಿಯನ್ನು ತರುವ ಹಾಗೆ ಶೇಡಬಾಳಕ್ಕೆ ತಂದರು. ನೀರು ತುಂಬಿದ್ದೇ ತಡ, ನಾಲ್ಕೂ ಮೂಲೆಗಳಿಂದ ಸಣ್ಣಗೆ ಜಿನುಗತೊಡಗಿತು. ಅಕ್ಕವ್ವನ ಕಣ್ಣು ನೆಲಕ್ಕೆ, ಧರೆಪ್ಪಣ್ಣನ ಕಣ್ಣು ಜಾಫರಸಾಬನಿಗೆ. ಆ ಇಕ್ಕಟ್ಟಿನಲ್ಲಿ ಜಾಫರಸಾಬ ಬಾಯಿಗೆ ಬಂದದ್ದನ್ನು ಗಂಭೀರವಾಗಿ ಹೇಳಿದ: "ಹೆದರಬ್ಯಾಡ್ರಿ. ನೀರು ಒತ್ತಿ ಒತ್ತಿ ತನ್ನ ದಾರಿ ತಾನ ಮುಚ್ಚಿಕೊಂತೈತಿ." ಹಾಗೆಂದವನು ಚಹಕ್ಕೂ ನಿಲ್ಲದೆ ಗಾಡಿ ಹತ್ತಿದ. ಕೆಲವು ದಿನಗಳಲ್ಲಿ ಜಿನುಗು ನಿಜವಾಗಿಯೂ ನಿಂತುಹೋಯಿತು. ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಚಕಿತನಾದವನು ಜಾಫರಸಾಬನೇ.

ಇನ್ನು ತೋಟ. ದ್ರಾಕ್ಷಿ ಬೆಳೆದು ಗೆದ್ದವನಿಗೆ ಹುಲ್ಲು ಬೆಳೆಯುವುದೇನು ಮಹಾ ಎಂಬ ಠೇಂಕಾರದಲ್ಲಿ ಧರೆಪ್ಪಣ್ಣ ಮೊದಲ ಸಲ ಪೆಟ್ಟಿಗೆಯ ತಳಕ್ಕೆ ಕುರಿಗೊಬ್ಬರ ಹಾಸಿದ. ಹಂದರದ ಬುಡಕ್ಕೆ ಹಾಕುವಂಥದೇ, ಚೆನ್ನಾಗಿ ಕಳಿತದ್ದು, ಉದಾರವಾಗಿ. ಒಂದು ವಾರದಲ್ಲಿ ನೀರು ಗಟ್ಟಿಯಾಗಿ ಕುದಿಸಿದ ಚಹದ ಬಣ್ಣಕ್ಕೆ ತಿರುಗಿತು, ಅದರ ವಾಸನೆ ಪಡಸಾಲೆ ದಾಟಿ ಬೀದಿಗೆ ಹೋಗಿ, ಹಾದುಹೋಗುವವರು ಮೂಗು ಮುಚ್ಚಿಕೊಂಡು "ಧರೆಪ್ಪಣ್ಣ ಕುರಿ ಸಾಕ್ಯಾನೇನ?" ಎಂದು ವಿಚಾರಿಸತೊಡಗಿದರು. "ಪಡಸಾಲಿ ಇದು, ಹಟ್ಟಿ ಅಲ್ಲ" ಎಂದು ಅಕ್ಕವ್ವ ಒಂದೇ ಮಾತು ಆಡಿದಳು. ಬೇರೆಯವನಾಗಿದ್ದರೆ ಅಲ್ಲಿಗೇ ಕೈ ಮುಗಿಯುತ್ತಿದ್ದ. ಧರೆಪ್ಪಣ್ಣ ಬುಟ್ಟಿಗಟ್ಟಲೆ ಕೊಳಕನ್ನು ಹೊತ್ತು ತೋಟಕ್ಕೆ ಚೆಲ್ಲಿ, ಗಾಜು ಉಜ್ಜಿ ತೊಳೆದು, ಸೈಕಲ್ಲು ಹತ್ತಿ ನೇರವಾಗಿ ಜುಗೂಳಕ್ಕೆ ಹೋದ.

ಜುಗೂಳ ಅವನ ಸೋದರಮಾವಂದಿರ ಊರು, ಕೃಷ್ಣೆಯ ದಂಡೆ. ಹೊಳೆಯ ಅಂಚಿನ ಸಾವಕಾಶದ ನೀರಿನಲ್ಲಿ ಮೊಣಕಾಲಿನವರೆಗೆ ಇಳಿದು, ಪ್ರತಿ ಗಿಡ ಯಾವ ಮಣ್ಣಿನಲ್ಲಿ ಬೇರು ಬಿಟ್ಟಿದೆ, ಎಷ್ಟು ಬಿಸಿಲು ಕುಡಿಯುತ್ತಿದೆ ಎಂದು ಅವನು ಕೈಯಿಂದ ತಡವಿ ನೋಡಿದ. ಅವುಗಳ ಹೆಸರು ಅವನಿಗೆ ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ. ಹೀಗಾಗಿ ತಾನೇ ಹೆಸರಿಟ್ಟ. ಉದ್ದುದ್ದ ಎಲೆಗಳು ಹರಿವಿಗೆ ತಲೆಯೊಡ್ಡಿ ಬಳುಕುವ ಹುಲ್ಲು ರಿಬ್ಬನ್ನು. ದಟ್ಟವಾಗಿ ಪೊದೆಗಟ್ಟಿ ನುಣುಪಾಗಿ ತೂಗುವುದು ನರಿಬಾಲ. ಹೊಳೆಯ ತಳದ ಎರೆಮಣ್ಣನ್ನೇ ಕೆಳಗೆ ಹಾಸಿ, ಅದರ ಮೇಲೆ ತೊಳೆದ ಮರಳು ಹೊದಿಸಿ, ಮೂಡಣದ ಕಿಟಕಿಯ ಬಿಸಿಲು ಬೀಳುವಲ್ಲಿ ಪೆಟ್ಟಿಗೆಯನ್ನಿಟ್ಟು, ದ್ರಾಕ್ಷಿಯ ಸಸಿ ನಾಟುವ ಭಕ್ತಿಯಿಂದ ಒಂದೊಂದನ್ನೇ ಊರಿದ. ತುಂಬಿದ್ದು ಬಾವಿಯ ನೀರು, ಅದೂ ಎರಡು ಪದರ ಅರಿವೆಯಲ್ಲಿ ಸೋಸಿದ್ದು. "ಗಿಡಕ್ಕೂ ಸೋಸಿದ ನೀರೇನ್ರಿ?" ಎಂದು ಸುಂದರಾ ನಕ್ಕರೆ, "ಈ ಮನಿಯೊಳಗ ಇರೂದಂದ್ರ ಈ ಮನಿ ಪದ್ಧತಿ ಅದಕ್ಕೂ ಬಂತಲ್ಲ" ಎಂದು ಧರೆಪ್ಪಣ್ಣ ಅರಿವೆಯನ್ನು ಬಾವಿಯಲ್ಲಿ ಜಾಲಿಸಲು ಎದ್ದ.

ಗಿಡ ಹಿಡಿಯಿತೋ ಇಲ್ಲವೋ ಎಂಬ ಆತಂಕದಲ್ಲಿ ಅವನು ಕಳೆದ ದಿನಗಳನ್ನು ನೋಡಬೇಕಿತ್ತು. ಮುಂಜಾನೆ ಎದ್ದವನು ಮುಖ ತೊಳೆಯುವ ಮೊದಲೇ ಗಾಜಿಗೆ ಮುಖವೊಡ್ಡುತ್ತಿದ್ದ; ಹೊರಗೆ ಹೋಗುವಾಗ ಒಮ್ಮೆ, ಟೊಪ್ಪಿಗೆ ಮರೆತೆನೆಂಬ ನೆಪದಲ್ಲಿ ತಿರುಗಿ ಬಂದು ಇನ್ನೊಮ್ಮೆ. ಹಳೆಯ ಎಲೆಗಳು ಕರಗಿ ತೇಲಿದಾಗ ಊಟ ಬಿಟ್ಟ. ಬುಡದಿಂದ ಹೊಸ ಕುಡಿ ಸೂಜಿಯಂತೆ ಮೇಲೆದ್ದಾಗ ಸುಂದರಾಳನ್ನು ಒಲೆಯ ಮುಂದಿನಿಂದ ಕೈಹಿಡಿದು ಎಬ್ಬಿಸಿ ತಂದ; ರೊಟ್ಟಿ ಹೊತ್ತಿಹೋಯಿತು. ಆ ರೊಟ್ಟಿಯನ್ನು ತಾನೇ ಖುಷಿಯಿಂದ ತಿಂದ ಎಂಬುದನ್ನೂ ಇಲ್ಲಿ ಹೇಳಬೇಕು.

ಆಮೇಲೆ ಆ ಮುಂಜಾನೆ ಬಂದಿತು. ಬಿಸಿಲು ಏರಿ ಕಿಟಕಿಯಿಂದ ಓರೆಯಾಗಿ ಪೆಟ್ಟಿಗೆಯೊಳಕ್ಕೆ ಇಳಿದಿತ್ತು. ಧರೆಪ್ಪಣ್ಣ ಎಂದಿನಂತೆ ಕೂತು ನೋಡುತ್ತಿದ್ದಾನೆ: ರಿಬ್ಬನ್ನಿನ ಎಲೆಯ ಅಂಚಿನಲ್ಲಿ ಒಂದು ಮಣಿ ಮೂಡಿತು. ಗುಂಡಗೆ, ಬೆಳ್ಳಗೆ, ಸಾಸಿವೆ ಕಾಳಿನಷ್ಟು. ಅದು ಬಿಟ್ಟುಕೊಂಡು ಮೇಲೇರಿತು. ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು. ನೋಡನೋಡುತ್ತ ಎಲೆ ಎಲೆಯಿಂದಲೂ ಗುಳ್ಳೆಗಳ ಸರಗಳು ಬಿಚ್ಚಿ ಬಿಚ್ಚಿ ಮೇಲಕ್ಕೆ ಏರತೊಡಗಿ, ಇಡೀ ತೋಟವೇ ಬಿಸಿಲಿನಲ್ಲಿ ಥಳಥಳಿಸಿ ಉಸಿರೆಳೆದು ಬಿಡುತ್ತಿರುವಂತೆ ಕಂಡಿತು. ಧರೆಪ್ಪಣ್ಣ ಎದ್ದ ರಭಸಕ್ಕೆ ಕೂತಿದ್ದ ಮಣೆ ಉರುಳಿತು.

"ಅವ್ವಾ! ಸುಂದರಾ! ಬರ್ರಿ, ಲಗೂನ ಬರ್ರಿ! ಗಿಡ ಉಸರಾಡಾಕತ್ತೈತಿ!"

ಅಷ್ಟಕ್ಕೇ ನಿಲ್ಲದೆ ಬರಿಗಾಲಿನಲ್ಲಿ ಬೀದಿಗೆ ಓಡಿದ. ಹಾಲು ಹಾಕಲು ಹೊರಟವನು, ಸಾಲೆಗೆ ಹೊರಟ ಮಾಸ್ತರರು, ಬಸದಿಯಿಂದ ಮರಳುತ್ತಿದ್ದ ಹೆಂಗಸರು, ಎಲ್ಲರನ್ನೂ ಮನೆಗೆ ಬೆಂಕಿ ಬಿದ್ದವನ ಹಾಗೆ ಕರೆದು ಕರೆದು ಒಳಗೆ ತುಂಬಿದ. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಎಲ್ಲರ ಹಿಂದೆ ನಿಂತಿದ್ದ ಅಕ್ಕವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದು, ಗಾಜಿನ ಹತ್ತಿರ ಮುಖ ತಂದು, ಬಹಳ ಹೊತ್ತು ನೋಡಿದಳು.

"ಗಿಡದಾಗೂ ಜೀವ ಐತಿ ಅಂತ ಮುನಿ ಮಹಾರಾಜರು ಹೇಳತಿದ್ರು" ಎಂದಳು ಕೊನೆಗೆ. "ಸಣ್ಣಾಕಿ ಇದ್ದಾಗಿಂದ ಕೇಳಕೋತ ಬಂದೀನಿ. ಕಂಡದ್ದು ಇವತ್ತ."

ಅಂದಿನಿಂದ ಅವಳ ಜಪದ ಮಣೆ ಪೆಟ್ಟಿಗೆಯ ಎದುರಿಗೆ ಬಂದಿತು. ಊರಿನವರಿಗಂತೂ ಅದೊಂದು ಚಟವೇ ಆಯಿತು. ಬೀಗರು ಬಂದರೆ ಅವರನ್ನು ಕರೆತಂದು ತೋರಿಸುವುದು, ಮದುವೆಯಾಗಿ ಬಂದ ಹೊಸ ಸೊಸೆಯಂದಿರು ಬಸದಿಯ ದರ್ಶನ ಮುಗಿಸಿ ಇಲ್ಲಿ ಹಾದುಹೋಗುವುದು. ಬಿಸಿಲಿಳಿದ ಮೇಲೆ ಬಂದವರನ್ನು ಧರೆಪ್ಪಣ್ಣ, "ಈಗ ಅವು ಮಲಗ್ಯಾವ, ನಾಳಿ ಬರ್ರಿ" ಎಂದು ಬಾಗಿಲಿನಿಂದಲೇ ತಿರುಗಿಸುತ್ತಿದ್ದ. ಅಕ್ಟೋಬರಿನಲ್ಲಿ ದ್ರಾಕ್ಷಿಗೆ ಚಾಟ್ನಿ ಮಾಡುವ, ಅಂದರೆ ಬಳ್ಳಿ ಸವರುವ, ಕಾಲ ಬಂದಾಗ, ಬಳ್ಳಿ ಕತ್ತರಿಸುವ ಅದೇ ಕತ್ತರಿಯನ್ನು ಬೂದಿಯಿಂದ ತಿಕ್ಕಿ ತೊಳೆದು ತಂದು, ನೀರೊಳಗಿನ ತೋಟಕ್ಕೂ ಚಾಟ್ನಿ ಮಾಡಿದ. ಅತಿಯಾಗಿ ಕತ್ತರಿಸಿದ್ದರಿಂದ ಒಂದು ಮೂಲೆ ಬೋಳಾಗಿ ಕಂಡಿತು. ಅದನ್ನು ತುಂಬಲು ಮತ್ತೆ ಜುಗೂಳಕ್ಕೆ ಹೋಗಿ, ನರಿಬಾಲದ ಒಂದು ಹೊಸ ಪೊದೆಯನ್ನು ಟೊಪ್ಪಿಗೆಯಲ್ಲಿ ಹೊತ್ತು ತಂದು ಊರಿದ.

ತಪ್ಪು ನಡೆದದ್ದು ಇಲ್ಲಿ. ಪದ್ಧತಿಯ ಪ್ರಕಾರ ನೀರನ್ನು ಎರಡು ಪದರ ಅರಿವೆಯಲ್ಲಿ ಸೋಸಿದ ಮನುಷ್ಯ, ಗಿಡವನ್ನು ಸೋಸಲಿಲ್ಲ.

ಎರಡು ಮೂರು ವಾರ ಕಳೆದಿರಬೇಕು. ಮನೆಯಲ್ಲಿ ಊಟವಾಗಿ, ಅಕ್ಕವ್ವ ಒಳಮನೆಯಲ್ಲಿ ಅಡ್ಡಾಗಿದ್ದ ಮಧ್ಯಾಹ್ನ. ನರಿಬಾಲದ ಪೊದೆಯ ಮೇಲ್ಗಡೆ, ನೀರಿನ ಮೈಗೆ ತಾಗಿ, ಕಣ್ಣರೆಪ್ಪೆಯ ಒಂದು ಕೂದಲು ತೇಲುತ್ತಿತ್ತು. ಧರೆಪ್ಪಣ್ಣ ಬೆರಳಿನಿಂದ ಅದನ್ನು ತೆಗೆಯಲು ಹೋದ. ಕೂದಲು ಬೆರಳನ್ನು ತಪ್ಪಿಸಿಕೊಂಡಿತು! ಬಾಗಿ ನೋಡುತ್ತಾನೆ: ಅದಕ್ಕೆ ಎರಡು ಕಣ್ಣು, ನೆತ್ತಿಯ ಮೇಲೆ ಬೆಳ್ಳಿಯ ಒಂದು ಚುಕ್ಕೆ. ಪಕ್ಕದಲ್ಲಿ ಇನ್ನೊಂದು. ಪೊದೆಯ ನೆರಳಿನಲ್ಲಿ ಮತ್ತೆ ಕೆಲವು. ಪ್ರತಿಯೊಂದಕ್ಕೂ ನೆತ್ತಿಯಲ್ಲಿ ಅದೇ ಚುಕ್ಕೆ. ಹಾಡುಹಗಲಿನಲ್ಲಿ ಅವನ ತೋಟದ ಮೇಲೆ ನಕ್ಷತ್ರಗಳು ಹುಟ್ಟಿದ್ದವು. ಗಂಟಲಿನವರೆಗೆ ಉಕ್ಕಿ ಬಂದ ಕೂಗನ್ನು ಅವನು ಎರಡೂ ಕೈಯಿಂದ ಬಾಯಿ ಮುಚ್ಚಿ ತಡೆದ. ಅವು ಮೀನಿನ ಮರಿಗಳೆಂದು ಆಗ ಅವನ ಬುದ್ಧಿಗೆ ಹೊಳೆದಿತ್ತು. ತಾಯಿಗೆ ಕೊಟ್ಟ ಮಾತು ನೆನಪಾಗಿತ್ತು.

ಸುಂದರಾ ಪಾತ್ರೆ ತೊಳೆಯುತ್ತಿದ್ದವಳು ಬಂದು ಇಣುಕಿದಳು. ನೋಡಿದ ಕೂಡಲೇ ಅವಳಿಗೂ ತಿಳಿಯಿತು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಮೆಲುದನಿಯಲ್ಲಿ, "ಅತ್ತಿ ಏಳೂದರೊಳಗ ಒಂದು ಬಟ್ಟಲದಾಗ ತಗದು ಒಯ್ದು ಹೊಳಿಗೆ ಬಿಟ್ಟ ಬರ್ರಿ. ಯಾರಿಗೂ ಗೊತ್ತಾಗೂದಿಲ್ಲ. ನಿಮ್ಮ ತ್ವಾಟ ಉಳೀತೈತಿ" ಎಂದಳು. ಮಾತು ಬಂಗಾರದಂಥದು. ಟೀವಿಯ ಆಸೆ ಬಿಟ್ಟ ಹೆಂಗಸು ಆಡಿದ ಮಾತು ಎಂಬುದರಿಂದ ಇನ್ನೂ ದೊಡ್ಡದು. ಧರೆಪ್ಪಣ್ಣ ತಲೆಯಾಡಿಸಿ ತಾಮ್ರದ ಕೊಡದಲ್ಲಿ ಅದೇ ಪೆಟ್ಟಿಗೆಯ ನೀರು ತುಂಬಿ, ಬಟ್ಟಲು ಹಿಡಿದು ಕೂತ. ಒಂದು ಮರಿ ತಾನಾಗಿ ಬಟ್ಟಲಿನ ಅಂಚಿಗೆ ಬಂದಿತು. ಮಾಡಿನ ಬೆಳಕಿಂಡಿಯಿಂದ ಇಳಿದ ಬಿಸಿಲ ಕೋಲೊಂದು ಅದರ ಚುಕ್ಕೆಗೆ ತಾಗಿ ಮಿಂಚಿತು. ಅವನ ಕೈ ಮುಂದೆ ಹೋಗಲಿಲ್ಲ. ಕೊಡ ಎತ್ತಿಕೊಂಡು ಹೊಳೆಗೆ ಹೋಗುವುದು ಅವನಿಗೆ ಕಷ್ಟವಿರಲಿಲ್ಲ; ಮರಿ ತೆಗೆಯುವಾಗ ಗಿಡ ಕಿತ್ತುಬಂದರೆ ಮತ್ತೆ ನೆಟ್ಟಾನು. ಆದರೆ ಇಂಥದೊಂದು ಈ ಮನೆಯಲ್ಲಿ ಆಗಿತ್ತು, ಅದನ್ನು ಅವ್ವ ನೋಡಲೇ ಇಲ್ಲ ಎಂಬುದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕುವುದು ಅವನಿಂದ ಆಗುವ ಮಾತಾಗಿರಲಿಲ್ಲ.

"ಅವ್ವಾ" ಎಂದು ಅವನು ಕರೆದುಬಿಟ್ಟ. "ಅವ್ವಾ, ಬಾ ಇಲ್ಲೆ. ಒಂದು ನೋಡಬಾ."

ಸುಂದರಾ ಹಣೆ ಬಡಿದುಕೊಂಡಳು. ಅಕ್ಕವ್ವ ಗೋಡೆ ಹಿಡಿದು ಬಂದಳು. ಕೊಡ ಕಂಡಳು, ಬಟ್ಟಲು ಕಂಡಳು, ಮಗನ ಮುಖದಲ್ಲಿ ಅಳುವೂ ನಗುವೂ ಒಂದಕ್ಕೊಂದು ದಾರಿ ಬಿಡದೆ ನಿಂತದ್ದನ್ನೂ ಕಂಡಳು. ಆಮೇಲೆ ಪೆಟ್ಟಿಗೆಯ ಮುಂದೆ ಕೂತು ನೀರಿನ ಮೈಯನ್ನು ಕಣ್ಣಿನಿಂದ ಸೋಸಿದಳು. ಮರಿಗಳು ಸಿಕ್ಕವು.

"ನೀ ಹಿಡಕೊಂಡ ಬಂದೇನ?"

"ಇಲ್ಲವ್ವಾ. ಗಿಡದಾಗ ತತ್ತಿ ಇದ್ದಿರಬೇಕು. ನೀರು ಸೋಸಿದೆ, ಗಿಡ ಸೋಸಬೇಕಂತ ತಿಳೀಲಿಲ್ಲ. ತಪ್ಪ ನಂದss. ಈಗ ಒಯ್ದು ಹೊಳಿಗೆ ಬಿಡ್ತೀನಿ. ಪೆಟಗಿ ಜಾಫರಸಾಬಗ ಹೊಳ್ಳಿ ಕೊಟ್ಟ ಬಿಡ್ತೀನಿ."

"ಯಾವ ಹೊಳಿವು?"

"ಜುಗೂಳದ್ದು."

ಅಕ್ಕವ್ವ ಮತ್ತೆ ಬಾಗಿದಳು. ಈ ಸಲ ಅವಳ ದನಿ ಬೇರೆಯಾಗಿತ್ತು. "ಅರಬಿ ಒಗಿಯೂ ಕಲ್ಲ ಅದಾವಲ್ಲ, ಅಲ್ಲೇನ?"

"ಹೌದವ್ವಾ, ಅಲ್ಲೇ ಹಂತೇಕ."

"ಅಲ್ಲಿವss" ಎಂದಳು ಅಕ್ಕವ್ವ. "ತಲಿ ಮ್ಯಾಲ ಚುಕ್ಕಿ ಇರೂವು. ನಾ ಸಣ್ಣಾಕಿ ಇದ್ದಾಗ ಕಾಲಮಟದ ಪರಕಾರ ಎತ್ತಿ ನೀರಾಗ ನಿಂತ್ರ ಕಾಲಿಗೆ ಮುತ್ತತಿದ್ವು. ಕಚಗುಳಿ ಆಗತಿತ್ತು. ಮದವಿ ಆಗಿ ಇಲ್ಲಿ ಬಾವಿ ನೀರಿಗೆ ಬಂದಮ್ಯಾಲ ನೋಡೇ ಇರಲಿಲ್ಲ." ಅವಳು ಗಾಜಿಗೆ ಬೆರಳು ಹಚ್ಚಿದಳು. ನೀರಿನ ಆಚೆ ಒಂದು ಚುಕ್ಕೆ ಬೆರಳಿನ ಕಡೆಗೆ ತಿರುಗಿತು.

ಧರೆಪ್ಪಣ್ಣ ಕೊಡದ ಬಾಯಿ ಹಿಡಿದು ತಲೆ ತಗ್ಗಿಸಿ ಕಾದಿದ್ದ. ಸುಂದರಾ ಬಾಗಿಲಿಗೆ ಒರಗಿ ನಿಂತಿದ್ದಳು.

"ಆ ಕೊಡ ಒಳಗಿಡು" ಎಂದಳು ಅಕ್ಕವ್ವ. "ಹಿಡದ ತಂದಿದ್ರ ಮಾತ ಬ್ಯಾರೆ ಇತ್ತು. ತಾವss ಬಂದಾವ, ಅದೂ ನನ್ನ ತವರಿಂದ. ತವರಿಂದ ಬಂದವರನ್ನ ನಿಂತ ಕಾಲ ಮ್ಯಾಲ ಹೊಳ್ಳಿ ಕಳಸ್ತಾರೇನೋ?"

ಧರೆಪ್ಪಣ್ಣನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಅವನು ಗಟ್ಟಿಯಾಗಿ ನಗುತ್ತ ಅಳತೊಡಗಿದ. "ಸುಮ್ಕಿರು, ಕೂಸುಗೊಳು ಅಂಜತಾವ" ಎಂದು ಗದರಿ ಅಕ್ಕವ್ವ ಮುಂದುವರಿಸಿದಳು. "ಧರ್ಮ ಮಾತ್ರ ಬಿಡಾಕ ಬರೂದಿಲ್ಲ. ತಮ್ಮ ನೀರಿಗೆ ಅವು ಹೋಗಬೇಕು. ಮೊದಲ ಬೆಳದ ಬಲೀಲಿ. ಪಂಚಮಿಗೆ ಹೆಣ್ಮಕ್ಕಳನ್ನ ತವರಿಗೆ ಕಳಸೂಮುಂದ ಇವನ್ನೂ ಕಳಸೂಣು." ನಾಗರಪಂಚಮಿಗೆ ತವರಿಗೆ ಹೋಗುವುದು ನಮ್ಮ ಕಡೆಯ ಹೆಣ್ಣುಮಕ್ಕಳ ಪಾಲಿಗೆ ವರ್ಷಕ್ಕೊಮ್ಮೆ ಬರುವ ದೊಡ್ಡ ಹಕ್ಕು. ಆ ಹಕ್ಕನ್ನು ಅವಳು ಮೀನಿಗೂ ಕೊಟ್ಟಳು.

ಮುಂದಿನ ಪಂಚಮಿಗೆ ಬೆಳೆದ ಮೀನುಗಳು ತಾಮ್ರದ ಕೊಡದಲ್ಲಿ ಕೂತು ಎತ್ತಿನ ಗಾಡಿಯಲ್ಲಿ ಜುಗೂಳಕ್ಕೆ ಹೋದವು. ಕೊಡದ ಬಾಯಿಗೆ ತೆಳು ಅರಿವೆ ಕಟ್ಟಿ ಮಡಿಲಲ್ಲಿ ಹಿಡಿದು ಕೂತಿದ್ದವಳು ಅಕ್ಕವ್ವ. ಮರಳಿ ಬರುವಾಗ ಟೊಪ್ಪಿಗೆಯ ತುಂಬ ಹೊಸ ಗಿಡ. ಅದನ್ನು ಸೋಸಬೇಕೆಂದು ತಾಯಿಯೂ ಹೇಳಲಿಲ್ಲ, ಮಗನೂ ನೆನಪಿಸಲಿಲ್ಲ. ವರ್ಷ ವರ್ಷವೂ ಅದೇ ನಡೆಯಿತು. ಮೀನಿಗೆ ಹುರಿಗಡಲೆಯ ಹಿಟ್ಟು ಉದುರಿಸುವ ಕೆಲಸವನ್ನು ಅಕ್ಕವ್ವ ಯಾರಿಗೂ ಬಿಟ್ಟುಕೊಡಲಿಲ್ಲ. ಅದೂ ಹೊತ್ತು ಮುಳುಗುವ ಮೊದಲೇ, ಕಡ್ಡಾಯವಾಗಿ.

ಧರೆಪ್ಪಣ್ಣನಂಥವರನ್ನು ನಮ್ಮ ಕಡೆ ಹೊಟ್ಟೆಯಲ್ಲಿ ಮಾತು ನಿಲ್ಲದವರು ಎಂದು ಹೀಯಾಳಿಸುವುದುಂಟು. ಲೋಕದ ಬುದ್ಧಿವಂತರೆಲ್ಲ ತಮಗೆ ಸಿಕ್ಕ ಚೆಲುವನ್ನು ಮುಚ್ಚಿಟ್ಟು ಕಾಯುತ್ತಾರೆ. ಕಾಯುತ್ತ ಕಾಯುತ್ತ ಅದನ್ನು ನೋಡುವುದನ್ನೇ ಮರೆಯುತ್ತಾರೆ. ಈ ಜಾತಿಯವರಿಗೆ ಆ ಜಾಣತನ ಒಲಿಯುವುದಿಲ್ಲ. ಒಬ್ಬರೇ ಕಂಡದ್ದು ಅವರಿಗೆ ಕಂಡಂತೆಯೇ ಅಲ್ಲ. ಇನ್ನೊಂದು ಜೊತೆ ಕಣ್ಣು ಬಂದು ಪಕ್ಕದಲ್ಲಿ ನಿಂತ ಮೇಲೆಯೇ ಅವರ ಕಣ್ಣು ತುಂಬುವುದು. ಅದಕ್ಕಾಗಿ ಅವರು ಬಸ್ಸು ತಪ್ಪಿಸುತ್ತಾರೆ, ರೊಟ್ಟಿ ಹೊತ್ತಿಸುತ್ತಾರೆ, ಇದ್ದದ್ದನ್ನೆಲ್ಲ ಕಳೆದುಕೊಳ್ಳುವ ಅಂಚಿಗೂ ಬರುತ್ತಾರೆ. ಇಂಥವರ ಸಂತೋಷಕ್ಕೆ ಬಾಗಿಲೆಂಬುದು ಇರುವುದಿಲ್ಲ. ಅದನ್ನು ಕಿತ್ತುಕೊಳ್ಳಬಲ್ಲವರನ್ನೇ ಅವರು ಎಲ್ಲರಿಗಿಂತ ಮೊದಲು ಒಳಗೆ ಕರೆಯುತ್ತಾರೆ.